ಬಣ್ಣ ಗೊತ್ತಿಲ್ಲದ ವ್ಯಾಂಡಾ

ವ್ಯಾಂಡಾ ಆರ್ಕಿಡ್ ಗಿಡಕ್ಕೆ ಮಣ್ಣು ಬೇಡ. ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಮರದ ಪಟ್ಟಿಯ ಬುಟ್ಟಿಯಲ್ಲಿ ಕೂರಿಸಿ ತೂಗುಹಾಕಿದರೆ ಬೇರುಗಳು ಗಾಳಿಯಲ್ಲಿ ಇಳಿಬಿದ್ದು ಅಲ್ಲಿಂದಲೇ ನೀರು ಕುಡಿಯುತ್ತವೆ. ಒಣಗಿದ್ದಾಗ ಬೂದಿ ಬಣ್ಣ, ನೀರು ಚಿಮುಕಿಸಿದ ಕೂಡಲೇ ಹಸಿರು. ನೋಡಿದವರೆಲ್ಲ "ಅಯ್ಯೋ ಪಾಪ, ಬೇರೆಲ್ಲ ಹೊರಗೇ ಇದೆಯಲ್ಲ" ಎನ್ನುತ್ತಾರೆ. ಈ ಪಾಪ ಎನ್ನುವವರ ಕೈಗೆ ಗಿಡ ಸಿಕ್ಕರೆ ಅದರ ಕತೆ ಮುಗಿಯಿತು.

ನನ್ನ ಗಿಡ ಅಂಥವರ ಕೈಗೇ ಸಿಕ್ಕಿತು. ಕೊಟ್ಟವರು ನಮ್ಮ ಮನೆಯವರು.

ನಾವಿಬ್ಬರೂ ಮೈಸೂರಿನವರು. ಅವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ, ನಾನು ಬ್ಯಾಂಕಿನಲ್ಲಿ. ಕೊಚ್ಚಿಗೆ ಬಂದ ಮೇಲೆ ನನ್ನನ್ನು ಮಟ್ಟಾಂಚೇರಿಯ ಶಾಖೆಗೆ ಹಾಕಿದರು. ಅಲ್ಲಿಗೆ ಪಿಂಚಣಿಗೆಂದು ಬರುತ್ತಿದ್ದ ಒಬ್ಬ ವಯಸ್ಸಾದ ಅಮ್ಮಚ್ಚಿ ನನಗೆ ಈ ಹುಚ್ಚು ಹಿಡಿಸಿದರು. ಮೆಣಸು, ಒಣಶುಂಠಿಯ ಗೋದಾಮುಗಳ ಹಿಂದೆ ಅವರ ಮನೆ. ತಾರಸಿಯ ತುಂಬ ಆರ್ಕಿಡ್. ಒಂದು ದಿನ ಅಂಗೈ ಉದ್ದದ ವ್ಯಾಂಡಾ ಮರಿಯೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದು ಕೌಂಟರಿನ ಮೇಲಿಟ್ಟರು. ಏನು ಬಣ್ಣದ್ದು ಎಂದು ಕೇಳಿದೆ. ಯಾವ ತಾಯಿಗಿಡದ ಮರಿಯೋ ಅವರಿಗೇ ನೆನಪಿರಲಿಲ್ಲ. "ಪೂತ್ತಾಲ್ ಅರಿಯಾಂ" ಎಂದು ನಕ್ಕರು. ಹೂ ಬಿಟ್ಟಾಗ ತಿಳಿಯುತ್ತದೆ, ಅಷ್ಟೆ.

ಆಗ ಮಗಳು ಮೂರನೇ ಕ್ಲಾಸು. ಅವಳು ಎಂಟನೆಯದಕ್ಕೆ ಬಂದರೂ ಅದು ಹೂ ಬಿಡಲಿಲ್ಲ. ನಾನು ಅದಕ್ಕೆ ಮಾಡದ ಚಾಕರಿಯಿಲ್ಲ. ಕಡಲೆಕಾಯಿ ಹಿಂಡಿ ನೆನೆಸಿ, ತಿಳಿ ಬಸಿದು ಸಿಂಪಡಿಸುತ್ತಿದ್ದೆ. ಆ ವಾಸನೆಗೆ ಮನೆಯವರು ಬಾಲ್ಕನಿಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಬೇರಿನ ತುದಿ ತಿನ್ನಲು ಬರುವ ಬಸವನಹುಳುಗಳನ್ನು ಬೆಳಿಗ್ಗೆ ಎದ್ದ ಕೂಡಲೇ ಹೆಕ್ಕುತ್ತಿದ್ದೆ. ಇಷ್ಟೆಲ್ಲ ಮಾಡಿದ್ದಕ್ಕೆ ಎಲೆಯ ಮೇಲೆ ಎಲೆ ಬಂತು, ಬೇರಿನ ಮೇಲೆ ಬೇರು ಬಂತು. "ನಿನ್ನ ಗಿಡ ಬರೀ ಗಡ್ಡ ಬಿಡ್ತಾ ಇದೆ ಕಣೇ" ಎಂದು ಅವರು ತಮಾಷೆ ಮಾಡುತ್ತಿದ್ದರು.

ಕೊನೆಗೊಂದು ದಿನ ಎಲೆಯ ಕಂಕುಳಲ್ಲಿ ಹಸಿರು ಮೊನೆಯೊಂದು ಕಾಣಿಸಿತು. ಮೊದಮೊದಲು ಬೇರು ಯಾವುದು, ಹೂದಂಟು ಯಾವುದು ಎಂದು ಹೇಳುವುದು ಕಷ್ಟ. ದಿನವೂ ಕನ್ನಡಕ ಹಾಕಿಕೊಂಡು ನೋಡಿದೆ. ಬೇರಾದರೆ ತುದಿ ನುಣ್ಣಗಿರುತ್ತದೆ. ಇದರ ತುದಿಯಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು. ದಂಟೇ. ಮಗಳನ್ನು ಕರೆದು ತೋರಿಸಿದೆ. ಅವಳು ಒಂದು ಸಲ ಬಗ್ಗಿ ನೋಡಿ "ನೈಸ್ ಅಮ್ಮ" ಎಂದು ಹೋದಳು. ನನಗೆ ಮಾತ್ರ ಅವತ್ತು ಬ್ಯಾಂಕಿನಲ್ಲಿ ಕೆಲಸವೇ ಸಾಗಲಿಲ್ಲ.

ಅದೇ ಹೊತ್ತಿಗೆ ನಮ್ಮಿಬ್ಬರಿಗೂ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿಗೇ ಬೇಕೆಂದು ಮನೆಯವರು ಕೇಳಿಕೊಂಡಿದ್ದರು, ನಾನೂ ನನ್ನ ಬ್ಯಾಂಕಿನಲ್ಲಿ ಅರ್ಜಿ ಹಾಕಿದ್ದೆ. ನನ್ನ ಆದೇಶ ಮೊದಲು ಬಂದದ್ದರಿಂದ ನಾನು ಮುಂಚೆ ಹೋಗಿ ಅಲ್ಲಿಯ ಶ್ರೀಕಾರ್ಯಂ ಬಡಾವಣೆಯಲ್ಲಿ ಮನೆ ಹುಡುಕಬೇಕಿತ್ತು. ವರ್ಗದ ಸಂಸಾರದಲ್ಲಿ ಮೊದಲು ಕೈಬಿಡುವುದು ಗಿಡಗಳನ್ನೇ. ಬೇರೆ ಆರ್ಕಿಡ್‌ಗಳನ್ನೆಲ್ಲ ಅಕ್ಕಪಕ್ಕದ ಮನೆಯ ಚೇಚಿಯರಿಗೆ, ಅಂದರೆ ಅಕ್ಕಂದಿರಿಗೆ, ಹಂಚಿದೆ. ವ್ಯಾಂಡಾ ಒಂದನ್ನು ಮಾತ್ರ ಉಳಿಸಿಕೊಂಡೆ.

"ಇದನ್ನ ಲಾರಿಗೆ ಹಾಕಬೇಡಿ. ಕಾರಲ್ಲಿ ಹಿಂದಿನ ಬಾಗಿಲ ಮೇಲಿನ ಹಿಡಿಗೆ ನೇತುಹಾಕ್ಕೊಂಡು ಬನ್ನಿ. ದಂಟು ಮುರೀಬಾರದು" ಎಂದು ಮನೆಯವರಿಗೆ ಹೇಳಿದೆ.

"ಆಯ್ತು ಮಾರಾಯ್ತಿ, ಮಗು ಥರ ತರ್ತೀನಿ" ಎಂದರು.

ಸಾಮಾನು ಬಂತು, ಕಾರು ಬಂತು. ಹಿಂದಿನ ಸೀಟಿನಲ್ಲಿ ಇಸ್ತ್ರಿಪೆಟ್ಟಿಗೆ, ಉಪ್ಪಿನಕಾಯಿ ಜಾಡಿ, ಮಗಳ ಗಿಟಾರು ಎಲ್ಲ ಇದ್ದವು. ಗಿಡ ಇರಲಿಲ್ಲ. ಜಾಗವಿರಲಿಲ್ಲ, ಪಕ್ಕದ ಮನೆಯಲ್ಲಿ ಬಿಟ್ಟಿದ್ದೇನೆ, ಮುಂದಿನ ಸಲ ಹೋದಾಗ ತರುತ್ತೇನೆ ಎಂದರು. ನಾನು ನಂಬಿದೆ. ಆಮೇಲೆ ಕೇಳಿದಾಗಲೆಲ್ಲ "ಚೆನ್ನಾಗಿದೆಯಂತೆ" ಎನ್ನುತ್ತಿದ್ದರು. ಅವರ ಮುಖ ನೋಡಿದರೆ ದಿನಾ ಫೋನ್ ಮಾಡಿ ಅದರ ಯೋಗಕ್ಷೇಮ ವಿಚಾರಿಸುವವರ ಹಾಗಿತ್ತು.

ನಿಜ ಹೇಳಿದವಳು ಮಗಳು. ಬಂದು ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಮತ್ತೆ ಗಿಡದ ಮಾತು ಬಂತು. ಅವಳು ತಟ್ಟೆಯಿಂದ ತಲೆ ಎತ್ತದೆ, ಶಾಲೆಯ ರೂಢಿಯ ಮಲಯಾಳದಲ್ಲೇ, "ಅದ್ ಅಪ್ಪ ಸಾರಿಂಡೆ ವೀಟ್ಟಿಲ್ ಕೊಡುತ್ತಲ್ಲೋ" ಎಂದಳು. ಅಪ್ಪ ಅದನ್ನು ಕೊಚ್ಚಿ ಕಚೇರಿಯ ಸಾಹೇಬರ ಮನೆಗೆ ಕೊಟ್ಟರಲ್ಲ, ನಿನಗೆ ಗೊತ್ತಿಲ್ಲವಾ ಎನ್ನುವ ಹಾಗೆ.

ನಾನು ಮನೆಯವರ ಕಡೆ ನೋಡಿದೆ. ಅವರು ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮ ಟ್ರಾನ್ಸ್‌ಫರ್‌ಗೆ ಮೇಲಿನವರಿಗೆ ಅವರೇ ಕಣೇ ಹೇಳಿದ್ದು. ಹೊರಡೋವಾಗ ಬರೀ ಕೈಲಿ ಹೋಗಿ ಬರ್ತೀನಿ ಸಾರ್ ಅನ್ನೋಕಾಗತ್ತಾ? ಅವರ ಮನೆಯ ಮೇಡಂ ಅದನ್ನ ಯಾವಾಗಲೋ ನೋಡಿ ಮೆಚ್ಚಿಕೊಂಡಿದ್ರು. ಒಂದು ಗಿಡ ತಾನೆ."

ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಹಾಗೆ. ಪೇಟೆಯಲ್ಲಿ ಸಿಹಿ ಸಿಗುತ್ತಿತ್ತು, ಹಿತ್ತಾಳೆಯ ದೀಪದ ಕಂಬ ಸಿಗುತ್ತಿತ್ತು. ಅವೆಲ್ಲಕ್ಕೂ ಅಂಗಡಿಗೆ ಹೋಗಬೇಕು. ಇದಾದರೆ ಬಾಲ್ಕನಿಯಲ್ಲೇ ತೂಗುತ್ತಿತ್ತು, ಹೆಂಡತಿಯದು, ಬಿಟ್ಟಿಯದು. ನನ್ನ ಪಿತ್ತ ನೆತ್ತಿಗೇರಿತು. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದನ್ನೂ ವಾಪಸ್ ತೆಗೆದುಕೊಂಡಿಲ್ಲ.

ಶನಿವಾರ ಬ್ಯಾಂಕಿಗೆ ರಜೆಯಿತ್ತು. ಬೆಳಗಿನ ರೈಲು ಹತ್ತಿ ಎರ್ನಾಕುಳಕ್ಕೆ ಹೋದೆ, ಅಲ್ಲಿಂದ ದೋಣಿಯಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡ್. "ಬೇಡ, ನನ್ನ ಮಾನ ತೆಗೀಬೇಡ" ಎಂದು ಮನೆಯವರು ದಾರಿಯುದ್ದಕ್ಕೂ ಫೋನ್ ಮಾಡಿದರು. ನಾನು ಎತ್ತಲಿಲ್ಲ.

ಸಾಹೇಬರ ಕ್ವಾರ್ಟರ್ಸಿನ ಮುಂದೆ, ಪೋರ್ಟಿಕೋದ ಪಕ್ಕ ಒಂದು ದೊಡ್ಡ ಸಿಮೆಂಟಿನ ಕುಂಡ. ಅದರಲ್ಲಿ ಕೆಂಪು ಮಣ್ಣು, ಮೇಲೆ ಸೆಗಣಿ ಗೊಬ್ಬರ. ನಡುವೆ ಕುತ್ತಿಗೆಯ ತನಕ ಹೂತುಕೊಂಡು ನನ್ನ ವ್ಯಾಂಡಾ. ಮಣ್ಣು ತಾಗಿದಲ್ಲೆಲ್ಲ ಬುಡ ಕಪ್ಪಾಗಿತ್ತು, ಕೆಳಗಿನ ಎಲೆಗಳು ಉದುರಿದ್ದವು. ದಂಟಿದ್ದ ಕಡೆ ಕತ್ತರಿಯಲ್ಲಿ ಕತ್ತರಿಸಿದ ಮೋಟು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಒಣಗಿ ಗಟ್ಟಿಯಾಗಿತ್ತು.

ಬಾಗಿಲಿಗೆ ಬಂದ ಮೇಡಂಗೆ ನಾನು ಯಾರೆಂದು ಹೇಳಿದೆ. ಸುತ್ತುಬಳಸು ನನಗೆ ಬರುವುದಿಲ್ಲ. "ಚೇಚಿ, ಈ ಗಿಡ ನನ್ನದು. ನನ್ನ ಗಂಡ ನನ್ನನ್ನ ಕೇಳದೆ ಕೊಟ್ಟರು. ವಾಪಸ್ ಕೊಡಿ" ಎಂದು ನನ್ನ ಹರಕುಮುರುಕು ಮಲಯಾಳದಲ್ಲಿ ಹೇಳಿದೆ.

ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆಕೆ ಮಾತ್ರ ಕಣ್ಣು ಕಣ್ಣು ಬಿಟ್ಟರು. "ಞಾನ್ ಚೋದಿಚ್ಚಿಟ್ಟಿಲ್ಲಲ್ಲೋ." ನಾನು ಕೇಳಿಯೇ ಇರಲಿಲ್ಲವಲ್ಲ ಎಂದರು. ಆ ಗಿಡವನ್ನು ಮೊದಲು ನೋಡಿದ್ದೂ ಇಲ್ಲವಂತೆ. ಬೇರು ಹೊರಗಿತ್ತು, ಪಾಪ ಸಾಯುತ್ತದೆಂದು ಮಣ್ಣು ತರಿಸಿ ನೆಡಿಸಿದರಂತೆ. ಒಯ್ಯಿರಿ, ಧಾರಾಳವಾಗಿ ಒಯ್ಯಿರಿ ಎಂದು ಒಳಗಿನಿಂದ ಹಳೆಯ ಪೇಪರು ತಂದುಕೊಟ್ಟರು.

ಹಾಗಾದರೆ ಮೆಚ್ಚಿಕೊಂಡದ್ದೂ ಸುಳ್ಳು. ಯಾರೂ ಕೇಳದೇ ಇದ್ದದ್ದನ್ನು ಕೊಡಲು ನನ್ನಿಂದ ಕಿತ್ತುಕೊಂಡದ್ದು. ಆಕೆಯ ಮೇಲೆ ಕೋಪ ಮಾಡಿಕೊಳ್ಳಲೂ ನನಗೆ ದಾರಿಯಿಲ್ಲದೆ ಹೋಯಿತು. ಮಣ್ಣು ಕೆದಕುತ್ತಾ, ಹೂ ಬಿಟ್ಟಿತ್ತೇ ಎಂದು ಕೇಳಿದೆ.

ಬಿಟ್ಟಿತ್ತಂತೆ. ಸಾಹೇಬರ ಕಚೇರಿಗೆ ಯಾರೋ ದೊಡ್ಡವರು ಬರುವವರಿದ್ದರು, ಡ್ರೈವರ್ ಬಂದು ಕತ್ತರಿಸಿಕೊಂಡು ಹೋದನಂತೆ.

"ಏನು ಬಣ್ಣ?"

ಆಕೆ ನಿಜವಾಗಿಯೂ ಯೋಚಿಸಿದರು, ಕುಂಡದ ಕಡೆ ನೋಡಿದರು. "ಓರ್ಮಯಿಲ್ಲ" ಎಂದರು. ನೆನಪಿಲ್ಲ. ನನಗೆ ಅಲ್ಲಿ ಅಳು ಬಂತು, ಕೋಪದಲ್ಲಿ ಬರುವ ಅಳು. ಆಕೆಗೆ ಕಾಣದಂತೆ ಬಗ್ಗಿ ಗಿಡವನ್ನು ಕಿತ್ತೆ.

ರೈಲಿನಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದವಳೇ ಬ್ಲೇಡಿನಿಂದ ಕೊಳೆತ ಬೇರನ್ನೆಲ್ಲ ಕೊಯ್ದು, ಗಾಯಕ್ಕೆ ದಾಲ್ಚಿನ್ನಿ ಪುಡಿ ಮೆತ್ತಿ, ಬಾಲ್ಕನಿಯ ಕಂಬಿಗೆ ಕಟ್ಟಿದೆ. ಉಳಿದದ್ದು ಮೂರೋ ನಾಲ್ಕೋ ಬೇರು. ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರಾಜಿಗೆ ಬಂದವರ ಧ್ವನಿ.

"ಹೂ ಬಿಟ್ಟಿತ್ತು ಕಣೇ. ಸಾರ್ ಆವಾಗಲೇ ಫೋಟೋ ಕಳಿಸಿದ್ರು. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ. ತುಂಬಾ ಚೆನ್ನಾಗಿತ್ತು. ನೋಡು."

ಫೋನು ಚಾಚಿದರು. ನಾನು ಐದು ವರ್ಷ ಕಾದದ್ದು ಅವರ ಜೇಬಿನಲ್ಲಿ ಇಷ್ಟು ದಿನವೂ ಇತ್ತು. ಊಟ ಮಾಡುವಾಗ, ಚೆನ್ನಾಗಿದೆಯಂತೆ ಎನ್ನುವಾಗ, ನನ್ನ ಪಕ್ಕ ಕೂತು ಟಿವಿ ನೋಡುವಾಗ.

ನಾನು ಕಣ್ಣು ಮುಚ್ಚಿಕೊಂಡೆ. "ಒಳಗಿಡಿ ಅದನ್ನ. ಬಣ್ಣಾನೂ ಬಾಯಿ ಬಿಟ್ಟು ಹೇಳಬೇಡಿ" ಎಂದೆ.

ಆ ಫೋಟೋ ಇನ್ನೂ ಅವರ ಫೋನಿನಲ್ಲಿದೆ. ನಾನು ನೋಡಿಲ್ಲ. ನೋಡುವುದಿದ್ದರೆ ಗಿಡದಲ್ಲೇ ನೋಡುವುದು. ಗಿಡ ಬದುಕಿದೆ, ಹೊಸ ಬೇರು ಬಿಟ್ಟಿದೆ, ಹೂವಿನ ಸುಳಿವಿಲ್ಲ. ಅದು ಮತ್ತೆ ಹೂ ಬಿಡದೆ ಸತ್ತರೆ ಅದರ ಬಣ್ಣ ನಮ್ಮ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರಲಿ.