ಪೈಜಾಮಾದ ಲಾಡಿ, ಬಳೆಯ ಪಿನ್ನು

ಮೊನ್ನೆ ಮೇಜಿನ ಖಾನೆ ತಡಕಾಡುವಾಗ ಹಳೆಯ ಪಿನ್ನೊಂದು ಬೆರಳಿಗೆ ಚುಚ್ಚಿತು. ಬೈಯಲು ಬಾಯಿ ತೆರೆದವಳು ಅದನ್ನು ಅಂಗೈಯಲ್ಲಿಟ್ಟುಕೊಂಡೆ... ಅದು ನಮ್ಮ ಬಯಾಲಜಿ ಮೇಡಂ ಕೊಟ್ಟದ್ದು.

ಕೌಜಲಗಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಗೋಕಾಕಿನ ಕಾಲೇಜಿನಲ್ಲಿ ಸೈನ್ಸ್ ಸೇರಿದ್ದೆ. ಅಲ್ಲಿ ಎಲ್ಲವೂ ಇಂಗ್ಲಿಷು. ಕೆಲವೇ ದಿನಗಳಲ್ಲಿ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಬಯಾಲಜಿ ಓದುವ ಆಸೆಗೆ ಎಳ್ಳುನೀರು ಬಿಟ್ಟು, ಆರ್ಟ್ಸಿಗೆ ಹೋಗುತ್ತೇನೆಂದು ಅವತ್ತು ಕ್ಲಾಸು ಮುಗಿದ ಮೇಲೆ ಮೇಡಂಗೆ ಹೇಳಿಬಿಡುವವಳಿದ್ದೆ.

ಅಂದಿನ ಪಾಠ, ಪ್ರೋಟೀನು ಜೀವಕೋಶದ ಪೊರೆ ದಾಟುವ ಬಗೆ. ಮೇಡಂ ಚೀಲದಿಂದ ತಮ್ಮ ಗಂಡನ ಹೊಸ ಪೈಜಾಮಾ ತೆಗೆದರು. ಹಿಂದಿನ ಬೆಂಚಿನ ಹುಡುಗರು ಬಿದ್ದು ಬಿದ್ದು ನಕ್ಕರು.

"ನಗ್ರಿ, ನಗ್ರಿ. ಇದಕ್ಕ ಲಾಡಿ ಹಾಕೂತನಕಾ ನಮ್ಮನಿಯವ್ರು ಲುಂಗಿ ಮ್ಯಾಲೆ ಅದಾರ" ಎಂದು ತಾವೂ ನಕ್ಕು, ಮೂಲೆಯಲ್ಲಿದ್ದ ನನ್ನನ್ನು ಕರೆದರು. ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೈಗಿಟ್ಟರು.

ಲಾಡಿಯ ತುದಿಗೆ ಪಿನ್ನು ಸಿಗಿಸಿ, ಜಾರದಿರಲೆಂದು ಅದರ ಹತ್ತಿರ ದಪ್ಪ ಗಂಟು ಹಾಕಿ, ಸೊಂಟದ ಹೊಲಿಗೆಯೊಳಗೆ ತೂರಿಸಿದೆ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಎಲ್ಲರೆದುರು ನನಗೆ ಅಳುವೇ ಬಂತು.

"ಗಂಟು ಬಿಚ್ಚವ್ವಾ. ಪ್ರೋಟೀನೂ ಮುದ್ದಿಯಾಗಿದ್ರ ಈ ದಾರ್ಯಾಗ ದಾಟೂದಿಲ್ಲ. ಎಳಿಯಾಗಿ ದಾಟತೈತಿ, ಆ ಕಡೆ ಹೋಗಿ ಮಡಚ್ಕೋತೈತಿ. ದಾರಿ ತೋರ್ಸಾಕ ಮುಂದ ಒಂದು ತುಣುಕು ಇರತೈತಿ, ಈ ಪಿನ್ನಿನಂಗ."

ಹಿಂದಕ್ಕೆಳೆದು ಗಂಟು ಬಿಚ್ಚಿ ಮತ್ತೆ ತೂರಿಸಿದೆ. ಲಾಡಿ ಸರಾಗವಾಗಿ ಆಚೆ ಬಂತು. ಪಾಠ ತಿಳಿದ ಖುಷಿಯಲ್ಲಿ ಮೊದಲ ಸಲ ಕ್ಲಾಸಿನಲ್ಲಿ ಬಾಯಿ ಬಿಟ್ಟೆ, "ಮುಂದ ಆ ತುಣುಕು ಏನಾಗತೈತ್ರಿ?"

"ದಾಟಿಸಿದ ಮ್ಯಾಲೆ ಅದನ್ನ ಎಂಜೈಮುಗಳು ಕತ್ತರಿಸಿ ತಗೀತಾವು. ಅದರ ಕೆಲಸ ಅಷ್ಟ. ಈ ಪಿನ್ನು ಮಾತ್ರ ನಿನ್ನ ಕಡೆ ಇರ್ಲಿ."

ಆರ್ಟ್ಸಿನ ಮಾತು ಎತ್ತಲೇ ಇಲ್ಲ.

ಈಗ ಹುಕ್ಕೇರಿಯಲ್ಲಿ ನಾನೂ ಬಯಾಲಜಿ ಕಲಿಸುತ್ತೇನೆ. ಮೇಡಂ ತೀರಿಕೊಂಡು ವರ್ಷವಾಯಿತು. ಏನಾದರೂ ಅಡ್ಡಬಂದಾಗ ಕೇಳೋಣವೆಂದು ಫೋನು ಎತ್ತಿಕೊಳ್ಳುತ್ತೇನೆ, ಆಮೇಲೆ ನೆನಪಾಗಿ ಸಂಕಟವಾಗುತ್ತದೆ...

ನಿನ್ನೆ ಅದೇ ಪಾಠ. ಮನೆಯವರ ಪೈಜಾಮಾ, ಆ ಪಿನ್ನು ಒಯ್ದಿದ್ದೆ. ಮೂಡಲಗಿಯಿಂದ ಬಂದು ಹಾಸ್ಟೆಲಿನಲ್ಲಿರುವ, ಕ್ಲಾಸಿನಲ್ಲಿ ತುಟಿಪಿಟಕ್ಕೆನ್ನದ ಹುಡುಗಿಯನ್ನು ಕರೆದೆ. ಅವಳೂ ಗಂಟು ಹಾಕಿದಳು, ಲಾಡಿ ಸಿಕ್ಕಿಕೊಂಡಿತು, ಗಂಟು ಬಿಚ್ಚಿ ದಾಟಿಸಿದಳು. ಆಮೇಲೆ ಪಿನ್ನು ನನ್ನತ್ತ ಚಾಚಿದಳು, "ತಗೋರಿ ಮೇಡಂ."

ನಮ್ಮ ಮೇಡಂ ಅವರದೆಂದು ನನ್ನ ಬಳಿ ಇದ್ದದ್ದು ಅದೊಂದೇ. ಒಂದು ಕ್ಷಣ ಕೈ ಮುಂದೆ ಹೋಯಿತು.

"ನಿನ್ನ ಕಡೇನ ಇರ್ಲವ್ವಾ" ಎಂದೆ.

ಅವಳು ಅದನ್ನು ಬಳೆಗೆ ಸಿಗಿಸಿಕೊಂಡು ಬೆಂಚಿಗೆ ಹೋಗಿ ಕೂತಳು. ಕೂತವಳೇ ಕೈ ಎತ್ತಿದಳು, "ಒಂದು ಕೇಳಬೇಕಿತ್ರಿ..."