ಹಿಂದಿನ ಗೋಡೆಯ ಫೋಟೋ ಇಲ್ಲ

"ಈ ಸೈನ್ ನಿಮ್ಮದಲ್ವಾ?" ಅಂತ ಕೇಳಿ ರಿಪೋರ್ಟನ್ನು ಅವನ ಮೇಜಿಗೆ ಬಿಸಾಡಿದೆ. ಕಂಕನಾಡಿಯಲ್ಲಿ ಅವನ ಆಫೀಸು. ಬ್ಯಾಂಕಿನವರು ಸಾಲ ಕೊಡುವ ಮೊದಲು ಮನೆ ನೋಡಿ ಬೆಲೆ ಬರೆದು ಕೊಡುವ ವ್ಯಾಲ್ಯೂವರ್.

"ನನ್ನದೇ. ಈಗ ಎಂತ ಆಯ್ತು?"

"ಸ್ಥಳಕ್ಕೆ ಹೋಗಿ ನೋಡಿದ್ದೇನೆ, ಬಿರುಕಿಲ್ಲ ಅಂತ ಬರೆದಿದ್ದೀರಿ. ಅಡಿಗೆ ಕೋಣೆಯ ನೆಲ ನಾಲ್ಕು ಬೆರಳು ಕೆಳಗೆ ಹೋಗಿದೆ. ಅಮ್ಮ ಎದುರಿನ ಕೋಣೆಯ ನೆಲದಲ್ಲಿ ಸ್ಟವ್ ಇಟ್ಟು ಗಂಜಿ ಬೇಯಿಸ್ತಾರೆ. ಯಾವಾಗ ಬಂದಿದ್ರಿ ನೀವು?"

"ಸ್ವರ ತಗ್ಗಿಸು ಮಾರಾಯ. ರಿಪೋರ್ಟ್ ಬ್ಯಾಂಕಿಗೆ ಕೊಟ್ಟದ್ದು, ನಿನಗಲ್ಲ."

"ಫೀಸ್ ಕೊಟ್ಟದ್ದು ಯಾರು? ಬ್ಯಾಂಕಾ?"

"ಕೆಳಗೆ ಸಣ್ಣ ಅಕ್ಷರ ಓದು. ಕಾಣುವ ಜಾಗ ಮಾತ್ರ ನೋಡಿದ್ದು ಅಂತ ಉಂಟು."

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ, ಗ್ರಿಲ್ ವೆಲ್ಡಿಂಗ್ ಮಾಡ್ತೇನೆ. ಆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ. ಆದ್ರೆ ಅವನು ಬರ್ಲಿಲ್ಲ ಅಂತ ಗೊತ್ತುಂಟು. ಶಕ್ತಿನಗರದ ಇಳಿಜಾರಲ್ಲಿ ನಾನು ಸಾಲ ಮಾಡಿ ತೆಗೊಂಡ ಹಳೇ ಮನೆಯ ಗೇಟಿನ ಹತ್ರ ಅವತ್ತು ಬಿಸಿಲಲ್ಲಿ ಕಾದವ ನಾನು. ಅವನು ಫೋನ್ ಮಾಡಿದ. "ನಂತೂರಲ್ಲಿ ಟ್ರಾಫಿಕ್ ಬ್ಲಾಕ್. ನೀನೇ ನಾಲ್ಕು ಫೋಟೋ ತೆಗೆದು ವಾಟ್ಸ್ಯಾಪ್ ಮಾಡು." ಮಾಡಿದೆ. ಸಂಜೆಗೆ "ಸಾಕು" ಅಂತ ಮೆಸೇಜ್ ಹಾಕಿದ. ಅಷ್ಟೇ ಅವನ ಕೆಲಸ.

ಮನೆ ಹಿಂದೆ ಯಾರೋ ಆಗಲೇ ಮಣ್ಣು ತೆಗೆದು ದೊಡ್ಡ ಹೊಂಡ ಮಾಡಿದ್ರು. ಬಂದಿದ್ರೆ ಕುರುಡನಿಗೂ ಗೊತ್ತಾಗ್ತಿತ್ತು. ಮೊದಲ ಮಳೆಗೇ ಅಡಿಗೆ ಕೋಣೆ ಆ ಬದಿಗೆ ವಾಲಿತು.

ಅವನ ಆಫೀಸಿಂದ ಸೀದಾ ವಕೀಲೆಯ ಹತ್ರ ಹೋದೆ. ಅವರ ಮನೆಯ ಗ್ರಿಲ್ ನಾನೇ ಹಾಕಿದ್ದು.

"ನೋಡದೆ ನೋಡಿದ್ದೇನೆ ಅಂತ ಸೈನ್ ಹಾಕಿದ್ರೆ ಅದು ನಿರ್ಲಕ್ಷ್ಯ. ಪರಿಹಾರ ಕೇಳಬಹುದು. ಆದ್ರೆ ರಿಪೋರ್ಟ್ ಬ್ಯಾಂಕಿಗೆ ಅಂತ ಅವನು ಕೋರ್ಟಲ್ಲಿಯೂ ಹೇಳ್ತಾನೆ. ಸಾಕ್ಷಿ ಎಂತ ಉಂಟು?"

ಫೋನ್ ಕೊಟ್ಟೆ. ನಾಲ್ಕೂ ಫೋಟೋ ನೋಡಿದ್ರು.

"ಹಿಂದಿನ ಗೋಡೆದು ಎಲ್ಲಿ?"

"ಅದರದ್ದು ತೆಗೀಲಿಲ್ಲ."

"ಬಿರುಕು ನಿನಗೆ ಮೊದಲೇ ಗೊತ್ತಿತ್ತಾ?"

"ಕೂದಲಿನಷ್ಟು ಇತ್ತು ಮೇಡಂ. ಕಳಿಸಿದ್ರೆ ಸಾಲ ಸಿಗುದಿಲ್ಲ ಅಂತ ಹೆದರಿದೆ."

"ಅವನ ವಕೀಲ ಮೊದಲು ಹಿಡಿಯುದೇ ಇದನ್ನು."

"ಆ ಫೋಟೋ, ಮೆಸೇಜ್ ಎಲ್ಲ ಡಿಲೀಟ್ ಮಾಡಿದ್ರೆ?"

"ಮಾಡು. ಅವನು ಬರ್ಲಿಲ್ಲ ಅಂತ ತೋರಿಸ್ಲಿಕ್ಕೆ ಇರುವುದೂ ಅದೊಂದೇ, ಬುದ್ಧಿವಂತ."

ಮಂಡೆ ಬೆಚ್ಚ ಆಯ್ತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಗಂಜಿಯ ಪಾತ್ರೆ ಇಳಿಸ್ತಾ, "ಅವನೂ ಸುಳ್ಳ, ನೀನೂ ಸುಳ್ಳ. ಬಗ್ಗಿ ಗಂಜಿ ಮಾಡುದು ನಾನು" ಅಂದ್ರು.

ನನ್ನದು ತಪ್ಪು, ಒಪ್ತೇನೆ. ಆದ್ರೆ ನಾನು ಅಡಗಿಸಿದ್ದನ್ನು ಹುಡುಕಿ ತೆಗೀಲಿಕ್ಕೇ ಅಲ್ವಾ ಅವನನ್ನು ಇಟ್ಟದ್ದು? ನಾನು ಹಾಕಿದ ಗ್ರಿಲ್ ಕಳಚಿ ಬಿದ್ರೆ ಜನ ನನ್ನ ಕುತ್ತಿಗೆ ಹಿಡೀತಾರೆ. ಸಣ್ಣ ಅಕ್ಷರ ಓದಿ ಅಂತ ಹೇಳಿದ್ರೆ ಕೆನ್ನೆಗೆ ಬೀಳ್ತದೆ. ಅವನಿಗೆ ಮಾತ್ರ ಬೇರೆ ಕಾನೂನಾ?

ಮರುದಿನ ಮೇಡಂ ಹತ್ರ ಹೋಗಿ, "ಎಲ್ಲ ಬರೀರಿ, ನನ್ನ ತಪ್ಪೂ ಬರೀರಿ" ಅಂದೆ. ಬರೆದು ಅವನಿಗೆ ನೋಟಿಸ್ ಕಳಿಸಿದ್ರು. ಅದಕ್ಕೆ ಅವನು ಉತ್ತರ ಕೊಡ್ಲಿಲ್ಲ, ಕೇಸ್ ಹಾಕಿದ್ದೇವೆ. ಗೆಲ್ತೇವಾ ಗೊತ್ತಿಲ್ಲ. ನೆಲ ಇನ್ನೂ ಇಳೀತಾ ಉಂಟು. ಮತ್ತೆ ಹೇಳ್ಲಿಕ್ಕೆ ಎಂತದೂ ಇಲ್ಲ.