ಹನ್ನೊಂದು ಮೋಟಾರಿನ ಸುಳ್ಳು

ಬೆಟಗೇರಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡುವ ಯೂಸುಫನಿಗೆ ಐವತ್ತೊಂದು ವರ್ಷ. ಮದುವೆಯ ಮಾತು ಬಂದಾಗಲೆಲ್ಲ ತಾಯಿ ಗುಲಾಬಬಿಯ ಆರೈಕೆಯ ನೆಪ ಹೇಳಿ ಜಾರಿಕೊಂಡ ಮಹಾನುಭಾವ. ತಾಯಿ ಹೋಗಿ ನಾಲ್ಕು ವರ್ಷವಾಯಿತು. ನೆಪವೂ ಹೋಯಿತು, ಹೆಣ್ಣು ಕೊಡುತ್ತೇವೆ ಎನ್ನುವವರೂ ಹೋದರು. ಅಂಗಡಿಗೆ ದಿನಕ್ಕೆ ಹತ್ತು ಜನ ಬರುತ್ತಾರೆ, ಇಲ್ಲವೆಂದಲ್ಲ. ಆದರೆ ಅವರೆಲ್ಲ ಕೇಳುವುದು ಒಂದೇ ಮಾತು, ಯಾವಾಗ ಕೊಡ್ತಿ? ಕೊಡುವ ದಿನ ಹೇಳಿದರೆ ಸಂಭಾಷಣೆ ಮುಗಿಯಿತು.

ಅವನಿಗೆ ಬಾಯಿ ಕೊಟ್ಟದ್ದು ಫೋನಿನೊಳಗಿನ ಒಂದು ಗುಂಪು. ಕರೆಂಟು ಗಾಳಿ-ಬಿಸಿಲಿನಿಂದ ಬರಬೇಕೋ ಅಣುಸ್ಥಾವರದಿಂದಲೋ ಎಂದು ಅಲ್ಲಿ ಮುನ್ನೂರು ಜನ ಚರ್ಚೆ ಮಾಡುತ್ತಿದ್ದರು. ಬೈದವರನ್ನು ಹೊರಗೆ ಹಾಕುತ್ತಿದ್ದರು. ಯೂಸುಫ ಅಣುವಿನ ಕಡೆ. ಹೊತ್ತು ಮುಳುಗಿದರೆ ಬಿಸಿಲಿಲ್ಲ, ಗಾಳಿಯನ್ನು ನಂಬುವಂತಿಲ್ಲ, ಸ್ಥಾವರವಾದರೆ ಹಗಲು ರಾತ್ರಿ ಒಂದೇ ಸಮ ನಡೆಯುತ್ತದೆ ಎಂಬುದು ಅವನ ಪಟ್ಟು. ಎದುರಿಗೆ ನಿಂತವರು ಮುಂಡರಗಿ ಕಡೆಯ ಹೊಳೆಯಪ್ಪ. ಊರ ಜನ ಫ್ಯಾನು ಎಂದು ಕರೆಯುವ ಗಾಳಿಯಂತ್ರಗಳ ಕಾವಲುಗಾರರು, ಗುಡ್ಡದ ಮೇಲೆ ಅವರೂ ಒಬ್ಬರೇ. ಎರಡು ವರ್ಷ ವಾದ ನಡೆದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ದನಿ ಕೇಳಿರಲಿಲ್ಲ.

ಸುಟ್ಟ ಮೋಟಾರಿನ ತಂತಿಯನ್ನು ಸುತ್ತು ಎಣಿಸದೆ ಕಿತ್ತು ಹಾಕಿದರೆ ಹೊಸದನ್ನು ಎಷ್ಟು ಸುತ್ತಬೇಕೆಂಬುದೇ ತಿಳಿಯುವುದಿಲ್ಲ. ಯೂಸುಫ ವಾದದಲ್ಲೂ ಅದೇ ಕಸುಬು ನಡೆಸಿದ. ಹೊಳೆಯಪ್ಪನವರ ಮಾತನ್ನು ಮೊದಲು ಒಂದೂ ಬಿಡದೆ ತಾನೇ ಬರೆದು, ‘ಎಣಿಕಿ ಸರಿ ಐತೇನ್ರಿ?’ ಎಂದು ಕೇಳುತ್ತಿದ್ದ. ಅವರು ಹೂಂ ಅಂದ ಮೇಲೆಯೇ ಉತ್ತರ. ಹೊಳೆಯಪ್ಪನವರೂ ಅದೇ ರೂಢಿ ಹಿಡಿದರು. ತನ್ನ ಮಾತನ್ನು ಯಾರಾದರೂ ಅಷ್ಟು ಲಕ್ಷ್ಯ ಕೊಟ್ಟು ಕೇಳುವುದನ್ನು ಯೂಸುಫ ತಾಯಿ ಹೋದ ಮೇಲೆ ಕಂಡಿರಲಿಲ್ಲ.

ಈ ಬೇಸಿಗೆಯಲ್ಲಿ ಹೊಳೆಯಪ್ಪ ಒಂದು ಮಾತು ಬರೆದರು. ಬಿಸಿಲಿನ ಕರೆಂಟು ಬಂದ ಮೇಲೆ ತಮ್ಮ ಕಡೆಯ ಹೊಲಗಳಿಗೆ ಪಂಪು ನಡೆಸುವ ತ್ರೀ ಫೇಸ್ ಕರೆಂಟು ಹಗಲಿನಲ್ಲೇ ಸಿಗುತ್ತಿದೆ, ಕತ್ತಲಲ್ಲಿ ಹಾವು-ಚೇಳು ತುಳಿಯುತ್ತ ಮೋಟಾರು ಚಾಲೂ ಮಾಡಲು ಹೋಗುವುದು ತಪ್ಪಿದೆ. ಇಂದು ಅಡಿಗಲ್ಲು ಹಾಕಿದ ಅಣುಸ್ಥಾವರ ಕರೆಂಟು ಕೊಡಲು ಹತ್ತು ವರ್ಷ ಬೇಕು, ಅಲ್ಲಿಯ ತನಕ ಆ ರೈತನನ್ನು ಮತ್ತೆ ಕತ್ತಲಿಗೆ ಕಳಿಸೋಣವೇ? ಯೂಸುಫ ಅದನ್ನು ಎಣಿಸಿ ಬರೆದ. ಮಾತು ಖರೆ ಎಂದೇ ಅನ್ನಿಸಿತು. ಹರ್ತಿ ಊರಿನ ಗಿರಾಕಿಯೊಬ್ಬ ಹಗಲು ಕರೆಂಟಿನ ಇದೇ ಸಮಾಧಾನ ಹೇಳಿಕೊಂಡು ಹೋದದ್ದೂ ನೆನಪಾಯಿತು.

ಒಪ್ಪಿಕೊಂಡರೆ ವಾದ ಮುಗಿಯುತ್ತದೆ. ವಾದ ಮುಗಿದರೆ ಹೊಳೆಯಪ್ಪ ಯಾತಕ್ಕೆ ಬರೆದಾರು? ಯೂಸುಫನಿಗೆ ಹೆದರಿಕೆಯಾಯಿತು. ಮೂರು ದಿನ ತಡೆದು, ಹಗಲು ಕರೆಂಟಿನಿಂದ ಈ ತಿಂಗಳು ಹನ್ನೊಂದು ಮೋಟಾರು ಸುಟ್ಟು ತನ್ನ ಅಂಗಡಿಗೆ ಬಂದಿವೆ ಎಂದು ಬರೆದ. ಬಂದದ್ದು ನಾಲ್ಕು. ಅವೂ ಬೋರಿನಲ್ಲಿ ನೀರು ತಳ ಕಂಡು ಸುಟ್ಟವು.

ಹೊಳೆಯಪ್ಪ ಎಂದಿನಂತೆ ಅಷ್ಟನ್ನೂ ತಿರುಗಿ ಬರೆದು ಎಣಿಕೆ ಸರಿಯೇ ಎಂದು ಕೇಳಿದರು. ಮೂವತ್ತು ವರ್ಷ ಸುತ್ತು ಎಣಿಸಿದ ಬೆರಳು ಸರಿ ಎಂದು ಒತ್ತಲು ಒಪ್ಪಲಿಲ್ಲ. ಎಣಿಕೆ ಸುಳ್ಳು, ನಿಮ್ಮ ಮಾತೇ ಖರೆ ಎಂದು ಯೂಸುಫ ಎಲ್ಲರೆದುರು ಬರೆದುಬಿಟ್ಟ. ಜನ ಕೈಮುಗಿದ ಚಿತ್ರಗಳನ್ನು ಸಾಲುಸಾಲಾಗಿ ಕಳಿಸಿದರು. ಎಂಥ ದೊಡ್ಡ ಮನಸ್ಸು ಎಂದು ಹೊಗಳಿದರು. ಸಂಜೆಯೊಳಗೆ ಬೇರೆ ವಿಷಯ ಹಿಡಿದರು. ಹೊಗಳಿಕೆಯನ್ನು ಇಟ್ಟುಕೊಂಡು ಅವನೇನು ಮಾಡಬೇಕು? ಹೊಳೆಯಪ್ಪ ಒಂದಕ್ಷರ ಬರೆಯಲಿಲ್ಲ.

ಎಂಟು ದಿನದ ಮೇಲೆ ಫೋನು ಬಂತು. ನಂಬರು ಗುಂಪಿನಲ್ಲಿ ಇದ್ದೇ ಇತ್ತು, ಎರಡು ವರ್ಷ ಇಬ್ಬರಿಗೂ ಒತ್ತುವ ಧೈರ್ಯ ಬಂದಿರಲಿಲ್ಲ. ಜೋರು ಗಾಳಿಯ ನಡುವೆ ಒಂದು ವಯಸ್ಸಾದ ದನಿ, ನಾನು ಹೊಳೆಯಪ್ಪ ಅಂದಿತು.

“ಯೂಸುಫಣ್ಣಾರ, ನೀವು ಸುಳ್ಳು ಬರಿಯೂ ಮನಷ್ಯಾರಲ್ಲ. ಯಾಕ ಬರದ್ರಿ?”

“ನಾ ಒಪ್ಪಿದ್ರ ನೀವು ಬರಿಯೂದು ಬಿಡ್ತೀರಿ ಅಂತ ಅಂಜಿದ್ನರಿ,” ಎಂದ ಯೂಸುಫ. “ನನ್ನ ಕೂಡ ಮಾತಾಡಾವ್ರು ಮತ್ಯಾರೂ ಇಲ್ರಿ.”

ಆ ಗಾಳಿಯಲ್ಲಿ ಮಾತು ಕೇಳಲೆಂದು ಯೂಸುಫ ಫೋನನ್ನು ಕಿವಿಗೆ ಒತ್ತಿ ಹಿಡಿದ.

“ಎಂಟು ದಿನ ನಾನರ ಏನ ಬರೀಲಿ? ಎದುರಿಗೆ ಯಾರೂ ಇಲ್ಲ,” ಎಂದರು ಹೊಳೆಯಪ್ಪ. “ಹಿಂಗ ಮಾಡೂಣ್ರಿ. ನೀವು ಈ ಕಡೆ ಬಂದೀರಲ್ಲ, ನಾ ಆ ಕಡೆ ಹೊಕ್ಕೀನಿ. ನಾಳಿಂದ ಗಾಳಿ ನಿಮ್ದು, ಅಣು ನಂದು.”

ಆಗಲಿ ಅಂದ ಯೂಸುಫ. “ಗಾಳಿ ನಂದು, ಅಣು ನಿಮ್ದು. ಎಣಿಕಿ ಸರಿ ಐತೇನ್ರಿ?”